ನಾನು ಸರಿಸಿದ ದ್ವೀಪಗಳು

ಮೊಮ್ಮಗಳ ನಿಶ್ಚಿತಾರ್ಥದ ಹಿಂದಿನ ದಿನ ನಾನು ತಲೆಗೆ ಬಣ್ಣ ಹಚ್ಚಿಸಿಕೊಂಡೆ. ಎಂಬತ್ತು ದಾಟಿದವನಿಗೆ ಇದು ಯಾಕೆ ಎಂದು ನೀವು ಕೇಳಬಹುದು. ಮನೆಯಲ್ಲಿ ಎಲ್ಲರೂ ಕೇಳಿದರು. ಅವರಿಗೆ ಕೊಡದ ಉತ್ತರವನ್ನು ನಿಮಗೂ ಕೊಡುವುದಿಲ್ಲ. ನಾಸಿಕದ ನಮ್ಮ ಬೀದಿಯ ಮೂಲೆಯಲ್ಲಿರುವ ಕ್ಷೌರದಂಗಡಿಯಾತ ಬಟ್ಟಲಿಗೆ ಬಣ್ಣ ಹಿಂಡಿ ಬ್ರಷ್ಷಿನಿಂದ ಕಲಸಿದ. ಕೂಡಲೇ ಒಂದು ವಾಸನೆ ಎದ್ದು ನೆತ್ತಿಗೆ ಹೊಡೆಯಿತು. ಕಣ್ಣಲ್ಲಿ ನೀರು ಬಂತು.

"ಜಳಜಳ ಹೋತೆ ಕಾ, ಆಜೋಬಾ?" ಎಂದು ಆತ ಗಾಬರಿಯಾಗಿ ಕೇಳಿದ. ಉರಿಯುತ್ತಿದೆಯಾ ಅಜ್ಜ, ಅಂತ.

ಉರಿಯುತ್ತಿರಲಿಲ್ಲ. ಅದು ಅಮೋನಿಯಾದ ವಾಸನೆ. ಐವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಅದೇ ವಾಸನೆಯ ನಡುವೆ ಕೂತು ನಾನು ಉತ್ತರ ಸಮುದ್ರದ ನೂರರಷ್ಟು ದ್ವೀಪಗಳನ್ನು ಎತ್ತಿ ಬೇರೆ ಕಡೆ ಇಟ್ಟಿದ್ದೆ. ಕ್ಷೌರಿಕನಿಗೆ ಇದನ್ನು ಮರಾಠಿಯಲ್ಲಿ ಹೇಳುವುದು ಹೇಗೆಂದು ಹೊಳೆಯಲಿಲ್ಲ. ನಿಮಗೆ ಕನ್ನಡದಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ನಾನು ಹೊಟ್ಟೆಪಾಡಿಗಾಗಿ ಮೂವತ್ತು ವರ್ಷ ಅಳತೆ ನೋಡಿದವನು. ಕಂಡದ್ದನ್ನು ಕಂಡೆ ಎನ್ನುತ್ತೇನೆ, ಕೇಳಿದ್ದನ್ನು ಕೇಳಿದೆ ಎನ್ನುತ್ತೇನೆ. ಈ ಗುಣ ನನ್ನಲ್ಲಿದೆ ಎಂಬ ಹೆಮ್ಮೆಯಿಂದಲೇ ಮುಂದಿನದೆಲ್ಲ ನಡೆಯಿತು.

ಅರವತ್ತರ ದಶಕದ ಕೊನೆಯ ವರ್ಷಗಳು. ಓಝರಿನ ಹತ್ತಿರದ ವಿಮಾನ ಕಾರ್ಖಾನೆಗೆ ನಮ್ಮ ಕಡೆಯ ಎಷ್ಟೋ ಜನ ನೌಕರಿಗೆ ಬಂದಿದ್ದರು. ನಾನೂ ಅಲ್ಲೇ ವಿಮಾನ ಮಾಡುತ್ತೇನೆಂದು ಧಾರವಾಡದಲ್ಲಿ ನಮ್ಮ ಓಣಿಯವರು ತಿಳಿದಿದ್ದರು. ನಾನು ತಿದ್ದಿರಲಿಲ್ಲ. ನಿಜವಾಗಿ ನಾನಿದ್ದದ್ದು ನಾಸಿಕದ ಅಂಚಿನಲ್ಲಿ, ತಗಡಿನ ಮಾಡಿನ ಕೆಳಗೆ, ನೀರೆತ್ತುವ ಪಂಪುಗಳ ಬಿಡಿಭಾಗ ಮಾಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಅಲ್ಲಿ ನಾನು ಇನ್ಸ್‌ಪೆಕ್ಟರ್. ಯಂತ್ರದಿಂದ ಇಳಿದ ತುಂಡನ್ನು ನಕ್ಷೆಗೆ ತಾಳೆ ಹಾಕಿ ನೋಡುವುದು ನನ್ನ ಕೆಲಸ. ಸರಿಯಿದ್ದರೆ ಶಿಕ್ಕಾ, ಅಂದರೆ ಮೊಹರು; ತಪ್ಪಿದ್ದರೆ ಕೆಂಪು ಬಣ್ಣದ ಒಂದು ಚುಕ್ಕೆ. ಆ ಚುಕ್ಕೆ ಬಿದ್ದ ತುಂಡು ಮೂಲೆಯ ಡಬ್ಬಕ್ಕೆ ಹೋಗುತ್ತಿತ್ತು, ಮರಳಿ ಬರುತ್ತಿರಲಿಲ್ಲ.

ನಕ್ಷೆಗಳ ಪ್ರತಿ ತೆಗೆಯುತ್ತಿದ್ದುದು ಅಮೋನಿಯಾದ ಹಬೆಯಲ್ಲಿ. ಮೂಲ ನಕ್ಷೆಯ ಅಡಿಯಿಟ್ಟು ಬಿಸಿಲು ಕಾಣಿಸಿದ ಹಾಳೆಯನ್ನು ಮರದ ಪೆಟ್ಟಿಗೆಯೊಳಗೆ ತೂಗುಬಿಟ್ಟರೆ ನೇರಳೆ ಗೆರೆಗಳು ಮೆಲ್ಲಗೆ ಮೂಡುತ್ತಿದ್ದವು. ಒಂದು ಪ್ರತಿ ಯಂತ್ರದವನಿಗೆ, ಒಂದು ನನಗೆ. ಯಂತ್ರದವನ ಪ್ರತಿ ವಾರದೊಳಗೆ ಎಣ್ಣೆ ಕುಡಿದು ದೋಸೆಯ ಬಣ್ಣಕ್ಕೆ ತಿರುಗುತ್ತಿತ್ತು. ನನ್ನ ಪ್ರತಿ ಮಾತ್ರ ಹೊಸ ಮದುಮಗನಂತೆ. ಹಾಳೆ ಬಂದ ಕೂಡಲೇ ನಾನು ಉಕ್ಕಿನ ಪಟ್ಟಿ ಇಟ್ಟು, ಬ್ಲೇಡಿನಿಂದ ನಾಲ್ಕೂ ಅಂಚುಗಳನ್ನು ಕತ್ತರಿಸುತ್ತಿದ್ದೆ. ಸೊಟ್ಟ ಅಂಚು, ಮಸಿಯ ಕಲೆ, ಮೂಲೆಯಲ್ಲಿ ಯಾರೋ ಬರೆದ ಪುಡಿ ಅಕ್ಷರ ನನಗೆ ಆಗುತ್ತಿರಲಿಲ್ಲ. ಇದನ್ನು ನಾನು ಶಿಸ್ತು ಎಂದು ಕರೆಯುತ್ತಿದ್ದೆ.

ವರ್ಕ್‌ಶಾಪಿನಲ್ಲಿ ನನ್ನನ್ನು ಬಿಟ್ಟರೆ ಇದ್ದ ಇನ್ನೊಬ್ಬ ಕನ್ನಡಿಗ ಗುರಣ್ಣ. ಹುಬ್ಬಳ್ಳಿಯವರು, ನನಗಿಂತ ಹದಿನೈದು ವರ್ಷ ದೊಡ್ಡವರು, ಯಂತ್ರದ ಕೆಲಸದಲ್ಲಿ ಅವರ ಸಮ ಇನ್ನೊಬ್ಬರಿರಲಿಲ್ಲ. ಉಕ್ಕನ್ನು ಅಂಗೈಯಿಂದ ಮುಟ್ಟಿ ಅದಕ್ಕೆ ಜ್ವರ ಎಷ್ಟಿದೆ ಎಂದು ಹೇಳುವಂಥವರು. ಮಾತು ಕಡಿಮೆ. ಪ್ರತಿ ಶನಿವಾರ ಕೆಲಸ ಮುಗಿದ ತಕ್ಷಣ ಕೈ ತೊಳೆದು, ಒಂದು ಚೀಲ ಹಿಡಿದು, "ಗಂಗಾಪುರಕ್ಕ ಹೋಗಿ ಬರ್ತೀನ್ರಿ" ಎಂದು ಹೊರಡುತ್ತಿದ್ದರು. ನಾಸಿಕದ ಪಕ್ಕದಲ್ಲೇ ಅಣೆಕಟ್ಟು ಇರುವ ಒಂದು ಗಂಗಾಪುರ ಇದೆ. ಇಷ್ಟು ಹತ್ತಿರ ಹೋಗುವವನಿಗೆ ಸೋಮವಾರ ಕಣ್ಣು ಯಾಕೆ ಕೆಂಪಗಿರುತ್ತದೆ ಎಂದು ಒಂದು ವರ್ಷ ನಾನು ಏನೇನೋ ಊಹಿಸಿದ್ದೆ. ಆಮೇಲೆ ತಿಳಿಯಿತು, ಅವರು ಹೋಗುತ್ತಿದ್ದುದು ಔರಂಗಾಬಾದ್ ಜಿಲ್ಲೆಯ ಗಂಗಾಪುರಕ್ಕೆ. ಆ ಜಿಲ್ಲೆಗೆ ಈಗ ಸಂಭಾಜಿನಗರ ಎಂದು ಹೆಸರು. ಯೇವಲಾ, ವೈಜಾಪುರ ದಾಟಿ, ಎರಡು ಬಸ್ಸು ಬದಲಿಸಿ ಹೋಗಬೇಕು. ಅವರ ಹೆಂಡತಿ ಶಾಂತಾಬಾಯಿ ಅಲ್ಲಿ ಸರಕಾರಿ ಶಾಲೆಯಲ್ಲಿ ಭೂಗೋಳದ ಶಿಕ್ಷಕಿ. ಅವರಿಗೆ ವರ್ಗವಾಗುವ ಲಕ್ಷಣವಿರಲಿಲ್ಲ, ಇವರಿಗೆ ಅಲ್ಲಿ ಕೆಲಸವಿರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷ ಗಂಡಹೆಂಡತಿ ಭಾನುವಾರಕ್ಕೊಮ್ಮೆ ಸಂಸಾರ ಮಾಡಿದ್ದರು.

ಆ ವರ್ಷ ನಮ್ಮ ಮಾಲಕರು ಔರಂಗಾಬಾದಿನಲ್ಲಿ ಒಂದು ಶಾಖೆ ತೆರೆಯುವುದಾಗಿ ಹೇಳಿದರು. ಅಲ್ಲಿಗೆ ಒಬ್ಬ ಮುಖ್ಯ ಮಿಸ್ತ್ರಿ ಬೇಕು. ಯಾರು ಪರೀಕ್ಷೆಯ ತುಂಡನ್ನು ನಕ್ಷೆಯ ಪ್ರಕಾರ ಮಾಡಿ ಇನ್ಸ್‌ಪೆಕ್ಷನ್ನಿನಲ್ಲಿ ಪಾಸು ಮಾಡುತ್ತಾರೋ ಅವರು ಹೋಗಬೇಕು. ಯಾರೂ ಮಾಡದಿದ್ದರೆ ದಸರೆಯ ಹೊತ್ತಿಗೆ ಪುಣೆಯಿಂದ ಒಬ್ಬನನ್ನು ಕರೆತರುವುದು. ಔರಂಗಾಬಾದಿನಿಂದ ಗಂಗಾಪುರ ದಿನವೂ ಹೋಗಿಬರುವ ದೂರ. ಗುರಣ್ಣನವರು ಆ ದಿನ ಮೊದಲ ಸಲ ಊಟದ ಹೊತ್ತಿನಲ್ಲಿ ಸಿಳ್ಳೆ ಹಾಕಿದ್ದನ್ನು ನಾನು ಕೇಳಿದೆ.

ನಾಲ್ವರು ತುಂಡು ಮಾಡಿ ತಂದರು. ಮೂವರದು ಕಣ್ಣಿಗೇ ಸೊಟ್ಟ ಕಾಣುತ್ತಿತ್ತು. ಗುರಣ್ಣನವರದನ್ನು ಕೈಯಲ್ಲಿ ಹಿಡಿದರೆ ನೀರು ಹಿಡಿದ ಹಾಗೆ. ಒಂದೊಂದು ಅಳತೆಯೂ ಕೂದಲೆಳೆಯಷ್ಟು ಆಚೀಚೆ ಇರಲಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಎಡಬದಿಯಲ್ಲಿ ಇರಬೇಕಾದ ಕಚ್ಚನ್ನು ಅವರು ಬಲಗಡೆ ಕಡೆದಿದ್ದರು. ಮುಂದಿನಿಂದ ನೋಡಿದರೆ ಆ ಕಚ್ಚು ಕಾಣುವುದಿಲ್ಲ, ಹಾಳೆಯ ಬಲಕ್ಕೆ ಬರೆದ ಬದಿಯ ನೋಟವನ್ನೇ ನಂಬಬೇಕು. ನಮಗೆ ಮುಂಬಯಿಯಿಂದ ಬರುತ್ತಿದ್ದ ನಕ್ಷೆಗಳಲ್ಲಿ ಒಂದು ಪದ್ಧತಿ ಇತ್ತು: ಹಾಳೆಯ ಬಲಕ್ಕೆ ಬರೆದದ್ದು ವಸ್ತುವಿನ ಎಡಬದಿ. ವಿಚಿತ್ರ ಅನಿಸಬಹುದು, ಆದರೆ ಹಾಗೇ ಇತ್ತು, ನನಗೆ ಅದು ಬಾಯಿಪಾಠವಾಗಿತ್ತು.

"ಗುರಣ್ಣ, ಕಚ್ಚು ಎಡಕ್ಕ ಬರಬೇಕಿತ್ತು," ಎಂದೆ.

ಅವರು ತುಂಡನ್ನು ಒಮ್ಮೆ ತಿರುಗಿಸಿ ನೋಡಿದರು. "ಬಲಕ್ಕನ ಬರಬೇಕ್ರಿ ಸಾಹೇಬ್ರ. ನಕ್ಷಾ ಇನ್ನೊಮ್ಮೆ ನೋಡ್ರಿ."

"ನೋಡೀನಿ."

"ಪೂರ್ತಿ ನೋಡ್ರಿ."

"ನನಗೂ ನಕ್ಷಾ ಓದಾಕ ಬರ್ತದ, ಗುರಣ್ಣ," ಎಂದು ಹೇಳಿ ಚುಕ್ಕೆ ಇಟ್ಟೆ. ಕೆಂಪು ಬಣ್ಣ ಆ ಹೊಳೆಯುವ ಉಕ್ಕಿನ ಮೇಲೆ ಒಂದು ಕ್ಷಣ ನಿಂತು ಆಮೇಲೆ ಸ್ವಲ್ಪ ಇಳಿಯಿತು. ಅವರು ಮಾಲಕರ ಹತ್ತಿರ ಹೋದರು. ಮಾಲಕರು ಮೂಲತಃ ಈರುಳ್ಳಿಯ ವ್ಯಾಪಾರದವರು, ಸಟಾಣಾ ಕಡೆಯವರು. ನಕ್ಷೆ ಅವರಿಗೆ ರಂಗೋಲಿ ಇದ್ದ ಹಾಗೆ. ಇನ್ಸ್‌ಪೆಕ್ಟರ್ ಹೇಳಿದ್ದೇ ಕೊನೆ ಎಂದರು. ನನಗೆ ಹೆಮ್ಮೆಯಾಯಿತು. ಅದನ್ನೂ ಬರೆದುಬಿಡುತ್ತೇನೆ.

ಆ ಕಾಲದಲ್ಲಿ ನಾಸಿಕದ ನಾವು ಹತ್ತಿಪ್ಪತ್ತು ಕನ್ನಡ ಮನೆಯವರು ತಿಂಗಳ ಮೊದಲ ಭಾನುವಾರ ಸಂಜೆ ಅನಂತಯ್ಯನವರ ಹೋಟೆಲಿನ ಮಾಳಿಗೆಯಲ್ಲಿ ಸೇರುತ್ತಿದ್ದೆವು. ಅನಂತಯ್ಯನವರು ಕುಂದಾಪುರದ ಕಡೆಯವರು. ಕೆಳಗೆ ದೋಸೆ ಹುಯ್ಯುವ ಸದ್ದು, ಮೇಲೆ ನಮ್ಮ ಸಾಹಿತ್ಯ. ಅಲ್ಲಿ ಒಂದು ಪದ್ಧತಿ ಬೆಳೆದಿತ್ತು. ಬಿಸ್ಕತ್ತಿನ ಖಾಲಿ ಡಬ್ಬಿಯಲ್ಲಿ ಎಲ್ಲರೂ ಒಂದೊಂದು ವಿಷಯ ಬರೆದ ಚೀಟಿ ಹಾಕುವುದು. ಸರದಿ ಬಂದವರು ಒಂದನ್ನು ಎತ್ತಿ, ಮುಂದಿನ ತಿಂಗಳು ಅದರ ಮೇಲೆ ಅರ್ಧ ಗಂಟೆ ಮಾತಾಡುವುದು. ಎತ್ತಿದ ಮೇಲೆ ತಪ್ಪಿಸಿಕೊಳ್ಳುವ ಹಾಗಿಲ್ಲ. ಪರರಿಗೆ ಕಷ್ಟ ಕೊಡುವುದರಲ್ಲಿ ನಮ್ಮವರ ಕಲ್ಪನೆಗೆ ಎಲ್ಲೆಯಿರಲಿಲ್ಲ. ಬ್ಯಾಂಕಿನ ಗುಮಾಸ್ತರೊಬ್ಬರು ಒಂಟೆಯ ಜೀರ್ಣಕ್ರಿಯೆಯ ಮೇಲೆ ಮಾತಾಡಿದ್ದನ್ನು ನಾನೇ ಕೇಳಿದ್ದೇನೆ.

ಚುಕ್ಕೆ ಇಟ್ಟ ವಾರದ ಭಾನುವಾರವೇ ನನ್ನ ಸರದಿ. ಆಶ್ಚರ್ಯವೆಂದರೆ ಗುರಣ್ಣನವರು ಗಂಗಾಪುರಕ್ಕೆ ಹೋಗದೆ ಅಲ್ಲಿ ಬಂದು ಕೂತಿದ್ದರು. "ಅಪರೂಪಕ್ಕ ಬಂದೀನಿ, ಡಬ್ಬಿ ನಾ ಹಿಡೀತೀನಿ ಕೊಡ್ರಿ," ಎಂದು ತಾವೇ ಹಿಡಿದರು. ಚುಕ್ಕೆಯ ಬಗ್ಗೆ ಒಂದು ಮಾತಿಲ್ಲ. ದೊಡ್ಡ ಮನಸ್ಸು ಅಂದುಕೊಂಡು ನಾನು ಕೈ ಹಾಕಿದೆ. ಬಂದ ಚೀಟಿ: "ಸ್ಕಾಟ್ಲೆಂಡಿನವರಿಗೂ ನಾರ್ವೆಯವರಿಗೂ ಏನು ಸಂಬಂಧ? ನಕ್ಷೆ ಸಹಿತ ವಿವರಿಸಿರಿ."

"ಬೀಗರಾ ಮಾರಾಯ್ರೆ ಅವರು?" ಎಂದು ಅನಂತಯ್ಯನವರು ಕೇಳಿದರು. ಎಲ್ಲರೂ ನಕ್ಕರು. ಅದು ಎಷ್ಟು ನಿಜ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದು ನಾನು ಆಗ ತಿಳಿದಿದ್ದೆ.

ನಾನು ಊರಿನ ಹಳೆಯ ವಾಚನಾಲಯಕ್ಕೆ ಹೋಗಿ ಇಂಗ್ಲಿಷಿನ ದಪ್ಪ ವಿಶ್ವಕೋಶ ತೆಗೆಸಿದೆ. ಸ್ಕಾಟ್ಲೆಂಡ್ ಇದ್ದ ಸಂಪುಟ ಸಿಕ್ಕಿತು. ನಾರ್ವೆ ಇದ್ದ ಸಂಪುಟ ಹೊಲಿಗೆ ಬಿಚ್ಚಿ ರಿಪೇರಿಗೆ ಹೋಗಿತ್ತು. ಒಂದೇ ಕಡೆಯ ಸಾಕ್ಷಿ ಕೇಳಿ ತೀರ್ಪು ಕೊಡಬಾರದು ಎಂಬುದು ನನಗೆ ಹೊಳೆಯಲೇ ಇಲ್ಲ. ಇದ್ದದ್ದೇ ಸಾಕಷ್ಟು ಸ್ವಾರಸ್ಯವಾಗಿತ್ತು. ಸಾವಿರ ವರ್ಷಕ್ಕೂ ಹಿಂದೆ ನಾರ್ವೆಯವರು ಉದ್ದನೆಯ ದೋಣಿಗಳಲ್ಲಿ ಬಂದು ಸ್ಕಾಟ್ಲೆಂಡಿನ ಮೇಲಿನ ದ್ವೀಪಗಳಲ್ಲಿ ನೆಲೆಸಿದ್ದು, ಹೊಲ, ಕೊಲ್ಲಿ, ಗುಡ್ಡಗಳಿಗೆಲ್ಲ ಅವರಿಟ್ಟ ಹೆಸರುಗಳೇ ಇವತ್ತಿಗೂ ಉಳಿದದ್ದು, ಅವರ ನುಡಿಯ ಒಂದು ಕವಲು ಅಲ್ಲಿ ನೂರಾರು ವರ್ಷ ಬದುಕಿದ್ದು. ಆಮೇಲೆ ಐನೂರು ವರ್ಷದ ಹಿಂದಿನ ಆ ಮದುವೆ. ನಾನು ಓದುತ್ತ ಓದುತ್ತ ವಾಚನಾಲಯದಲ್ಲೇ ನಕ್ಕು ಬೈಸಿಕೊಂಡೆ.

ನಕ್ಷೆಗಾಗಿ ಅನಂತಯ್ಯನವರ ಮಗಳ ಶಾಲೆಯ ಅಟ್ಲಾಸು ತಂದೆ. ಚೌಕಳಿ ಎಳೆದು, ಎಂಟು ಪಟ್ಟು ದೊಡ್ಡದು ಮಾಡಿ, ವರ್ಕ್‌ಶಾಪಿನ ಟ್ರೇಸಿಂಗ್ ಹಾಳೆಯ ಮೇಲೆ ಮಸಿಯಲ್ಲಿ ಬರೆದು, ಅಮೋನಿಯಾದಲ್ಲಿ ಪ್ರತಿ ತೆಗೆದೆ. ಕಡಲ ಅಂಚಿನ ಒಂದೊಂದು ಕೊರಕಲೂ ಬಿಡಲಿಲ್ಲ. ಅಟ್ಲಾಸಿನ ಸಮುದ್ರದಲ್ಲಿ ಶೆಟ್ಲೆಂಡ್ ದ್ವೀಪಗಳ ಸುತ್ತ ಒಂದು ಚೌಕದ ಗೆರೆ ಇತ್ತು. ನೀಲಿ ನೀರಿನ ನಡುವೆ ಅದೊಂದು ಕಿಟಕಿಯ ಚೌಕಟ್ಟಿನಂತೆ ಅಸಹ್ಯವಾಗಿ ಕಾಣುತ್ತಿತ್ತು. ಅಚ್ಚಿನವರ ಕಿತಾಪತಿ ಎಂದುಕೊಂಡು ಬಿಟ್ಟೆ. ನಕ್ಷೆ ಬಹಳ ಚೊಕ್ಕವಾಗಿ ಬಂತು.

ಮುಂದಿನ ತಿಂಗಳು ಮಾಳಿಗೆ ತುಂಬಿತ್ತು. ಗುರಣ್ಣನವರು ಹೆಂಡತಿಯನ್ನು ಕರೆತಂದಿದ್ದರು. ಶಾಂತಾಬಾಯಿಯವರನ್ನು ನಾನು ನೋಡಿದ್ದು ಅದೇ ಮೊದಲು. ಎತ್ತರದ ಹೆಂಗಸು, ದಪ್ಪ ಕನ್ನಡಕ, ತೊಡೆಯ ಮೇಲೆ ಒಂದು ಖಾದಿ ಚೀಲ. ಮರುದಿನ ಶಾಲೆಗೆ ರಜೆ ಹಾಕಿ ಬಂದಿದ್ದಾರೆ ಎಂದು ಗುರಣ್ಣ ಹೇಳಿದರು. ನನ್ನ ಮಾತು ಕೇಳಲು ಅಷ್ಟು ದೂರದಿಂದ ಬಂದಿದ್ದಾರಲ್ಲ ಎಂದು ಮನಸ್ಸು ತುಂಬಿಬಂತು.

ಮಾತು ಚೆನ್ನಾಗಿ ಶುರುವಾಯಿತು. ಮದುವೆಯ ಕಥೆಗೆ ಬಂದಾಗಲಂತೂ ನಾನು ಎರಡೂ ಕೈಗಳನ್ನು ಆಡಿಸಿದೆ. "ಡೆನ್ಮಾರ್ಕಿಗೂ ನಾರ್ವೆಗೂ ಆಗ ಒಬ್ಬನೇ ರಾಜ. ಮಗಳನ್ನು ಸ್ಕಾಟ್ಲೆಂಡಿನ ರಾಜನಿಗೆ ಕೊಟ್ಟ. ಒಪ್ಪಿಕೊಂಡ ವರದಕ್ಷಿಣೆಗೆ ಖಜಾನೆಯಲ್ಲಿ ದುಡ್ಡಿಲ್ಲ. ಆರ್ಕ್ನಿ ದ್ವೀಪಗಳನ್ನು ಒತ್ತೆ ಇಟ್ಟ. ಉಳಿದದ್ದನ್ನಾದರೂ ಕೊಡಬೇಕಲ್ಲ, ಅದಕ್ಕೂ ಆಗಲಿಲ್ಲ. ಮರುವರ್ಷ ಶೆಟ್ಲೆಂಡನ್ನೂ ಒತ್ತೆ ಇಟ್ಟ. ಮುಂದೆ ಅವನ ಕಡೆಯವರು ಬಿಡಿಸಿಕೊಳ್ಳಲು ಬಂದಾಗೆಲ್ಲ ಬೀಗರು ಇವತ್ತು ಬೇಡ ನಾಳೆ ಅಂದರು. ಆ ನಾಳೆ ಇನ್ನೂ ಬಂದಿಲ್ಲ."

"ನನಗೆ ನಾಲ್ಕು ಹೆಣ್ಣುಮಕ್ಕಳು," ಎಂದರು ಅನಂತಯ್ಯ. "ದ್ವೀಪ ಎಲ್ಲಿಂದ ತರುವುದು ಮಾರಾಯ್ರೆ? ಘೋಟಿಯಲ್ಲಿ ಒಂದು ಚಹಾದಂಗಡಿ ಉಂಟು, ಅದೂ ಮಳೆಗೆ ಸೋರುತ್ತದೆ."

ನಗೆ ನಿಂತ ಮೇಲೆ ನಾನು ಕೋಲು ತೆಗೆದುಕೊಂಡು ನಕ್ಷೆಯ ಕಡೆ ತಿರುಗಿದೆ. ಶೆಟ್ಲೆಂಡ್ ಸ್ಕಾಟ್ಲೆಂಡಿನ ಮಗ್ಗುಲಲ್ಲೇ ಇದೆ, ಕಡಲ ತೀರದಿಂದ ಬರೀ ನಲವತ್ತೆರಡು ಮೈಲಿ, ನಾನೇ ಡಿವೈಡರ್ ಇಟ್ಟು ಅಳೆದಿದ್ದೇನೆ. ಇಷ್ಟು ಹತ್ತಿರದ್ದನ್ನು ಅಷ್ಟು ದೂರದ ನಾರ್ವೆಯವರು ಆಳಿದ್ದೇ ಇತಿಹಾಸದ ವಿಚಿತ್ರ, ಎಂದೆ. ಇನ್ನೊಂದು ವಿಚಿತ್ರವನ್ನೂ ಹೇಳಿದೆ. ಸ್ಕಾಟ್ಲೆಂಡಿನ ಉತ್ತರದ ತುದಿಯಲ್ಲಿ ಒಂದು ಸೀಮೆ ಇದೆ, ಅದರ ಹೆಸರು ಸದರ್ಲೆಂಡ್, ಅಂದರೆ ದಕ್ಷಿಣನಾಡು. ಉತ್ತರದ ತುದಿಯಲ್ಲಿ ದಕ್ಷಿಣನಾಡು! ಪುಸ್ತಕ ಬರೆದವರು ಎಲ್ಲೋ ಎಡವಿದ್ದಾರೆ.

ಹಿಂದಿನ ಸಾಲಿನಿಂದ ಶಾಂತಾಬಾಯಿಯವರು ಎದ್ದರು. "ಭಾವುಜಿ, ಒಂದು ಮಾತು ಕೇಳ್ಲೇನು?"

"ಕೇಳ್ರಿ, ವೈನಿ," ಎಂದೆ, ಅತ್ತಿಗೆಯನ್ನು ಕರೆಯುವ ಹಾಗೆ.

"ಶೆಟ್ಲೆಂಡನ್ನ ಅಲ್ಲಿಗೆ ಯಾರು ತಂದ್ರು?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ನಗಲಿಲ್ಲ. ಚೀಲದಿಂದ ಅಟ್ಲಾಸು ತೆಗೆದು ಮುಂದೆ ಬಂದರು. ನಾನು ನೋಡಿ ಬರೆದ ಅದೇ ಹಾಳೆ. "ಈ ಚೌಕ ಕಾಣಸ್ತದಿಲ್ಲೋ? ನಿಮ್ಮ ನಕಾಶಾದಾಗ ಇದು ಎಲ್ಲಿ ಹೋಯ್ತು?"

"ಅದು ಛಂದ ಕಾಣಲಿಲ್ರಿ. ಬಿಟ್ಟೆ."

"ಪುಸ್ತಕದ ಹಾಳಿ ಸಣ್ಣದು. ಶೆಟ್ಲೆಂಡ್ ಭಾಳ ಮ್ಯಾಲ ಅದ, ಹಾಳಿ ಸಾಲೂದಿಲ್ಲ. ಅದಕ್ಕ ಅದನ್ನ ಒಂದು ಚೌಕದಾಗ ಹಾಕಿ, ಕೆಳಗ ಖಾಲಿ ಇದ್ದ ನೀರಿನಾಗ ಕೂಡಿಸ್ಯಾರ. ಖರೇ ಅಂದ್ರ ಅದು ಇರೋದು ಇಲ್ಲಿ." ಅವರು ನನ್ನ ನಕ್ಷೆಯ ಮೇಲಂಚನ್ನು ದಾಟಿ, ಒಂದು ಗೇಣು ಮೇಲೆ, ಬರೀ ಗೋಡೆಯ ಸುಣ್ಣದ ಮೇಲೆ ಬೆರಳಿಟ್ಟರು. ಇನ್ನೊಂದು ಕೈಯನ್ನು ಬಲಕ್ಕೆ ಚಾಚಿ ಗೋಡೆಯ ಇನ್ನೊಂದು ಕಡೆ ಮುಟ್ಟಿದರು. "ಇದು ನಾರ್ವೆದ ಬರ್ಗೆನ್ ಪಟ್ಟಣ. ಈಗ ಎಡಿನ್‌ಬರೋ ನೋಡ್ರಿ, ಯಾವುದು ಹತ್ತಿರ? ನಾರ್ವೆನೇ ಹತ್ತಿರ. ಅವರು ಆಳಿದ್ದರಾಗ ಏನ್ ವಿಚಿತ್ರ?"

ನಾನು ಕೋಲು ಹಿಡಿದು ನಿಂತಿದ್ದೆ. ನಲವತ್ತೆರಡು ಮೈಲಿ ಎಂದು ಯಾರೋ ಮೆಲ್ಲಗೆ ಅಂದರು.

"ಮತ್ತ ಆ ದಕ್ಷಿಣನಾಡು," ಎಂದು ಅವರು ಮುಂದುವರಿಸಿದರು, ತರಗತಿಯಲ್ಲಿ ಹೇಳುವ ಹಾಗೆ, ಗದರದೆ. "ಪುಸ್ತಕ ಎಡವಿಲ್ಲ. ಹೆಸರಿಟ್ಟವರು ಎಲ್ಲಿ ನಿಂತಿದ್ರು ಅದನ್ನ ನೋಡ್ರಿ. ಅವರು ದ್ವೀಪದಾಗ ನಿಂತಿದ್ರು. ಅಲ್ಲಿಂದ ನೋಡಿದ್ರ ಅದು ದಕ್ಷಿಣನೇ."

"ಹೌದಲ್ಲ," ಎಂದರು ಅನಂತಯ್ಯ. "ಇಲ್ಲಿಯವರಿಗೆ ಧಾರವಾಡದ ಇವರೂ ಮದ್ರಾಸಿ, ಕುಂದಾಪುರದ ನಾನೂ ಮದ್ರಾಸಿ."

"ನಂದೂ ಹಂಗೇ ಆಯ್ತು ನೋಡ್ರಿ," ಎಂದರು ಶಾಂತಾಬಾಯಿ. ಈಗ ಸ್ವಲ್ಪ ನಕ್ಕರು. "ನಾ ಬೀದರದಾಕಿ. ನೌಕರಿ ಹತ್ತಿದಾಗ ಬೀದರ, ಗಂಗಾಪುರ ಎಲ್ಲಾ ಹೈದರಾಬಾದ್ ರಾಜ್ಯ. ಒಂದಿನ ಮುಂಜಾನೆ ಎದ್ದು ನೋಡಿದ್ರ ನನ್ನ ಸಾಲಿ ಒಂದು ರಾಜ್ಯದಾಗ, ತವರುಮನಿ ಇನ್ನೊಂದರಾಗ. ನಾ ಎಲ್ಲೂ ಹೋಗಿರಲಿಲ್ಲ, ಅದೇ ಬಾಡಿಗಿ ಖೋಲಿ, ಅದೇ ನೀರಿನ ಕೊಡ. ಆ ದ್ವೀಪದ ಮಂದೀನೂ ಮದುವಿ ಊಟದ ಮರುದಿನ ಹಿಂಗೇ ಎದ್ದು ಕೂತಿರಬೇಕು. ಅವರನ್ನ ಯಾರು ಕೇಳಿದ್ರು?"

ಆ ಸಂಜೆಯ ಚಪ್ಪಾಳೆ ಅವರಿಗೇ ಬಿತ್ತು. ನಾನೂ ತಟ್ಟಿದೆ. ಆದರೆ ಮನೆಗೆ ನಡೆದು ಬರುವಾಗ ಒಂದು ಮಾತು ಕಲ್ಲಿನ ಹರಳಿನಂತೆ ಚಪ್ಪಲಿಯೊಳಗೆ ಸೇರಿಕೊಂಡಿತ್ತು. ಎಲ್ಲಿ ನಿಂತಿದ್ರು ಅದನ್ನ ನೋಡ್ರಿ.

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ವರ್ಕ್‌ಶಾಪಿಗೆ ಹೋದೆ. ನಾನು ಕಂಡಷ್ಟರಲ್ಲಿ ಅಲ್ಲಿ ಯಾರೂ ಇರಲಿಲ್ಲ. ನನ್ನ ಕಪಾಟಿನಿಂದ ಪರೀಕ್ಷೆಯ ನಕ್ಷೆ ತೆಗೆದೆ. ನಾಲ್ಕೂ ಅಂಚು ಕತ್ತರಿಸಿದ, ಕಲೆಯಿಲ್ಲದ ಹಾಳೆ. ಬರೆದವನು ಎಲ್ಲಿ ನಿಂತು ನೋಡಿದ್ದ ಎಂಬುದಕ್ಕೆ ಅದರಲ್ಲಿ ಏನೂ ಇರಲಿಲ್ಲ. ಆಗ ಗುರಣ್ಣನವರ ಯಂತ್ರದ ಹತ್ತಿರ ಹೋದೆ. ಅವರ ಪ್ರತಿ ಅಲ್ಲೇ ತಂತಿಗೆ ಸಿಕ್ಕಿಸಿ ತೂಗುತ್ತಿತ್ತು, ಎಣ್ಣೆಯಿಂದ ಕಂದಾಗಿ. ಅದರ ಕೆಳಗಿನ ಬಲಮೂಲೆಯಲ್ಲಿ, ನಾನು ನನ್ನ ಹಾಳೆಯಿಂದ ಕತ್ತರಿಸಿ ಎಸೆದಿದ್ದ ಜಾಗದಲ್ಲಿ, ಒಂದು ಸಣ್ಣ ಗುರುತಿತ್ತು. ಒಂದರೊಳಗೊಂದು ಎರಡು ಉಂಗುರ, ಪಕ್ಕದಲ್ಲಿ ತುದಿ ಕಡಿದ ಶಂಕು. ಜೊತೆಗೆ ಚಿಕ್ಕ ಅಕ್ಷರದಲ್ಲಿ, ಇದು ಅಮೆರಿಕದ ಯಂತ್ರದ ಪುಸ್ತಕದಿಂದ ಇಳಿಸಿದ್ದು ಎಂಬ ಒಂದು ಸಾಲು. ಆ ದೇಶದ ಪದ್ಧತಿ ಬೇರೆ. ಅಲ್ಲಿ ಹಾಳೆಯ ಬಲಕ್ಕೆ ಬರೆದದ್ದು ವಸ್ತುವಿನ ಬಲಬದಿಯೇ. ಆ ಗುರುತಿನ ಅರ್ಥವೂ ಅದೇ.

ಕಚ್ಚು ಬಲಕ್ಕೇ ಬರಬೇಕಿತ್ತು. ಗುರಣ್ಣನವರು ಇಟ್ಟ ಜಾಗದಲ್ಲಿಯೇ.

ನನ್ನ ಹಾಳೆಯ ಕತ್ತರಿಸಿದ ಮೂಲೆಯನ್ನು ಆ ಗುರುತಿನ ಮೇಲೆ ಇಟ್ಟು ನೋಡಿದೆ. ಇದು ಆ ಒಂದು ತುಂಡಿನ ಮಾತಷ್ಟೇ ಅಲ್ಲ. ಎರಡು ವರ್ಷದಲ್ಲಿ ನಾನು ಅಂಚು ಕತ್ತರಿಸಿದ ಹಾಳೆಗಳೆಷ್ಟು, ಇಟ್ಟ ಚುಕ್ಕೆಗಳೆಷ್ಟು ಎಂದು ಎಣಿಸಲು ಶುರುಮಾಡಿ ನಿಲ್ಲಿಸಿಬಿಟ್ಟೆ.

ಅದೇ ಸೋಮವಾರ, ಮಾಲಕರು ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಅವರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು, ಈರುಳ್ಳಿಯ ರಾಶಿ ನೋಡುವ ಹಾಗೆ ತಲೆ ಓರೆ ಮಾಡಿ ನೋಡಿದರು. "ಮ್ಹಣಜೆ, ಚೂಕ ತುಮ್ಚೀ?" ಎಂದರು. ಅಂದರೆ, ತಪ್ಪು ನಿಮ್ಮದು?

"ಹೋ," ಎಂದೆ. ಹೌದು.

"ಬರಂ," ಆಯಿತು, ಎಂದು ಅವರು ಬ್ಲೇಡಿಗಾಗಿ ಕೈ ಚಾಚಿದರು. ನನ್ನ ಜೇಬಿನಲ್ಲಿದ್ದ ಬ್ಲೇಡನ್ನು ಕೊಟ್ಟೆ. ಅದನ್ನು ತಮ್ಮ ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು. ಅಷ್ಟೇ ಶಿಕ್ಷೆ. ಗುರಣ್ಣನವರ ತುಂಡನ್ನು ಮೂಲೆಯ ಡಬ್ಬದಿಂದ ನಾನೇ ಹುಡುಕಿ ತೆಗೆದು, ಸೀಮೆಎಣ್ಣೆಯಲ್ಲಿ ಚುಕ್ಕೆ ಒರೆಸಿ, ಶಿಕ್ಕಾ ಹೊಡೆದೆ. ಪೂರ್ತಿ ಹೋಗಲಿಲ್ಲ ಆ ಕೆಂಪು.

ದಸರೆಗೆ ಮುಂಚೆ ಗುರಣ್ಣನವರು ಔರಂಗಾಬಾದಿಗೆ ಹೊರಟರು. ಅನಂತಯ್ಯನವರು ಬೀಳ್ಕೊಡುಗೆಗೆ ಬನ್ಸ್ ಮಾಡಿಸಿದ್ದರು. ತಿನ್ನುತ್ತಿದ್ದ ನನ್ನ ಪಕ್ಕ ಬಂದು, "ನಿಮಗೆ ಒಂದು ವಿಷಯ ಹೇಳುವುದುಂಟು, ಸಿಟ್ಟು ಮಾಡಬಾರದು," ಎಂದರು. "ಆ ದಿನ ಡಬ್ಬಿಯಲ್ಲಿ ಹನ್ನೆರಡು ಚೀಟಿ ಇತ್ತಲ್ಲ. ಹನ್ನೆರಡರಲ್ಲೂ ಅದೇ ಸ್ಕಾಟ್ಲೆಂಡು. ನೀವು ಹಾಕಿದ್ದನ್ನೂ ಮೊದಲೇ ತೆಗೆದಾಗಿತ್ತು."

ನಾನು ಗುರಣ್ಣನವರ ಕಡೆ ನೋಡಿದೆ. ಅವರು ಮೀಸೆ ಒರೆಸಿಕೊಂಡರು. "ನಂದಲ್ರಿ, ಆಕೀದು ವಿಚಾರ. ಪ್ರತಿ ವರ್ಷ ಆಕೀ ಸಾಲ್ಯಾಗ ಮೂವತ್ತು ಹುಡುಗರು ಅದ ನಕಾಶಾ ಬರೀತಾರ, ಮೂವತ್ತೂ ಮಂದಿ ಚೌಕ ಬಿಡತಾರ. ನಿಮ್ಮ ಸಾಹೇಬ ಏನ್ ಮಾಡ್ತಾನ ನೋಡೂಣು ಅಂದ್ಲು. ಹೇಳಿದ್ರ ಕೇಳೂದಿಲ್ಲ, ತಾನ ಎಡವಿದ್ರ ಕೆಳಗ ನೋಡ್ತಾನ, ಅಂದ್ಲು."

"ನಾನು ಚೌಕ ಬಿಡದೇ ಬರೆದಿದ್ದರೆ?"

"ಹಂಗಾದ್ರ ಕಚ್ಚು ಎಡಕ್ಕನ ಇರಬೇಕು ಅಂತ ನಾ ಒಪ್ಪಿಕೋತಿದ್ದೆ," ಎಂದರು ಗುರಣ್ಣ, ಇನ್ನೊಂದು ಬನ್ಸಿಗೆ ಕೈ ಹಾಕುತ್ತ.

ಇದನ್ನೆಲ್ಲ ಕ್ಷೌರದಂಗಡಿಯಿಂದ ಬಂದ ಮೇಲೆ ಒಂದು ವಾರ ಕೂತು ಬರೆದೆ. ಗುರಣ್ಣನವರು ಈಗಿಲ್ಲ. ಅವರು ಔರಂಗಾಬಾದಿನಲ್ಲಿ ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ಅಲ್ಲೇ ಮನೆ ಕಟ್ಟಿ, ದಿನವೂ ಹೆಂಡತಿಯ ಕೈಯ ಊಟ ಉಂಡು ಹೋದರು. ಶಾಂತಾಬಾಯಿಯವರಿಗೆ ತೊಂಬತ್ತು ದಾಟಿದೆ, ಕಿವಿ ನನ್ನದಕ್ಕಿಂತ ಚುರುಕಾಗಿದೆ. ಅವರ ಹೆಸರು ಹಾಕಿ ಬರೆದದ್ದನ್ನು ಅವರಿಗೆ ತೋರಿಸದೆ ಪತ್ರಿಕೆಗೆ ಕಳಿಸಬಾರದು ಎಂದು ಮೊನ್ನೆ ಫೋನು ಮಾಡಿ, ಮೇಲಿನಷ್ಟನ್ನೂ ಓದಿ ಹೇಳಿದೆ. ನಡುವೆ ಎರಡು ಸಲ ನಕ್ಕರು.

"ಛಲೋ ಬರದೀರಿ ಭಾವುಜಿ. ಒಂದು ತಪ್ಪದ."

"ಬರ್ಗೆನ್ನಿನ ದೂರವೇನ್ರಿ?"

"ಅದು ಬರೋಬ್ಬರಿ ಅದ. ನೀವು ಮಾಲಕರ ಕಡೆ ಹೋಗಿದ್ದು ಸೋಮವಾರ ಅಲ್ಲ."

ಸೋಮವಾರವೇ ಎಂದೆ. ಚೆನ್ನಾಗಿ ನೆನಪಿದೆ ಎಂದೆ. ಅವರು ಇರ್ರಿ ಎಂದು ಫೋನನ್ನು ಕೆಳಗಿಟ್ಟರು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಆ ಹನ್ನೊಂದು ವರ್ಷ ಗುರಣ್ಣನವರು ದಿನಕ್ಕೊಂದು ಕಾರ್ಡು ಬರೆಯುತ್ತಿದ್ದರಂತೆ, ಒಂದೂ ಕಳೆದಿಲ್ಲವಂತೆ. ನನಗೆ ಇದು ಗೊತ್ತಿರಲಿಲ್ಲ. ಅವರು ನಿಧಾನವಾಗಿ, ದಿನಗಳ ಹೆಸರು ಹೇಳುತ್ತ, ನಾಲ್ಕು ಕಾರ್ಡು ಓದಿದರು.

ಸೋಮವಾರ: "ಸಾಹೇಬ್ರು ಮುಂಜಾನೆ ಲಗೂನ ಬಂದು ನನ್ನ ನಕ್ಷಾ ನೋಡಿದ್ರು. ನಾ ಸ್ಟೋರಿನಾಗ ಇದ್ದೆ, ಹೊರಗ ಬರಲಿಲ್ಲ."

ಮಂಗಳವಾರ: "ಇನ್ನೂ ಹೋಗಿಲ್ಲ. ಚಹಾ ಕುಡ್ರಿ ಅಂದೆ, ಒಲ್ಲೆ ಅಂದ್ರು."

ಬುಧವಾರ: "ಮಾಲಕರು ಶುಕ್ರವಾರ ಪುಣೆಕ್ಕ ಹೋಗ್ತಾರಂತ, ಮಿಸ್ತ್ರೀನ ನೋಡಾಕ. ಸಾಹೇಬ್ರು ಅವರ ಬಾಗಲತನಕ ಹೋಗಿ ತಿರುಗಿ ಬಂದ್ರು. ನೀ ಏನೂ ಬರೀಬ್ಯಾಡ ಅವರಿಗೆ."

ಗುರುವಾರ: "ಹೋದ್ರು. ನಾಷ್ಟಾ ಮಾಡಿರಲಿಲ್ಲ ಪಾಪ."

ಆ ಮೂರು ದಿನಗಳು ಈಗ ಒಂದೊಂದಾಗಿ ಬಂದು ನಿಂತವು. ಮಂಗಳವಾರ ನಾನು ನನಗೇ ಹೇಳಿಕೊಂಡದ್ದು: ಪುಣೆಯವನು ಬಂದರೂ ಗುರಣ್ಣನ ನೌಕರಿಗೇನೂ ತೊಂದರೆಯಿಲ್ಲವಲ್ಲ. ಬುಧವಾರ ಹೇಳಿಕೊಂಡದ್ದು: ಎಣ್ಣೆಹಾಳೆಯನ್ನು ನಾನು ನೋಡಿದ್ದು ಯಾರಿಗೂ ಗೊತ್ತಿಲ್ಲ. ಇವೆರಡನ್ನೂ ನಾನು ಮರೆತೇಬಿಟ್ಟಿದ್ದೆ. ಮರೆತಿದ್ದೆ ಎಂದೇ ಬರೆಯುತ್ತೇನೆ, ಇದಕ್ಕಿಂತ ಸರಿಯಾದ ಶಬ್ದ ನನಗೆ ಗೊತ್ತಿಲ್ಲ.

"ತಪ್ಪಾತ್ರಿ ವೈನಿ," ಎಂದೆ. "ಸೋಮವಾರ ಹೊಡದು ಹಾಕಿ ಗುರುವಾರ ಅಂತ ತಿದ್ದತೀನಿ."

"ಹೊಡೀಬ್ಯಾಡ್ರಿ," ಎಂದರು ಶಾಂತಾಬಾಯಿ. ಕಾರ್ಡುಗಳನ್ನು ಮತ್ತೆ ಜೋಡಿಸುವ ಸದ್ದು ಕೇಳಿಸುತ್ತಿತ್ತು. "ಗುರುವಾರ ಅಂತ ಕೆಳಗ ಬರೀರಿ. ಸೋಮವಾರಾನೂ ಮ್ಯಾಲ ಹಂಗೇ ಇರಲಿ. ನೀವು ಗುರುವಾರಾನ ಎಲ್ಲಿ ಇಟ್ಟಿದ್ರಿ ಅಂತ ಓದೋ ಮಂದಿಗೆ ಗೊತ್ತಾಗಲಿ."